ಏಣಿಬುಡ ಎಂಬ ಮನೆತನ

ಹಿಡಿದದ್ದನ್ನು ಬಿಡದವರು ಈ ಲೋಕದಲ್ಲಿ ಮೂವರು: ಉಡ, ಜಿಗಣೆ ಮತ್ತು ಗಟ್ಟಿಯಣ್ಣ. ಉಡಕ್ಕೆ ಗೋಡೆ ಬೇಕು, ಜಿಗಣೆಗೆ ರಕ್ತ ಬೇಕು. ಗಟ್ಟಿಯಣ್ಣನಿಗೆ ಇಂಥದ್ದೇ ಬೇಕೆಂಬ ಹಟವಿಲ್ಲ. ಕೈಗೆ ಏನು ಕೊಟ್ಟರೂ ಹಿಡಿಯುತ್ತಾನೆ, ಕೊಟ್ಟವರು ‘ಬಿಡು’ ಎನ್ನುವವರೆಗೆ ಹಿಡಿದೇ ಇರುತ್ತಾನೆ.

ಒಮ್ಮೆ ಅಂಚೆ ಕಚೇರಿಯಲ್ಲಿ, ದೊಡ್ಡ ಪಾರ್ಸಲ್ಲು ಹೊತ್ತು ಬಂದ ಅಜ್ಜಿಯೊಬ್ಬಳಿಗೆ ಇವನು ಬಾಗಿಲು ತೆರೆದು ಹಿಡಿದ. ಅಜ್ಜಿಯ ಹಿಂದೆ ಇನ್ನೊಬ್ಬರು ಬಂದರು, ಅವರ ಹಿಂದೆ ಮತ್ತೊಬ್ಬರು. ಯಾರೂ ‘ಸಾಕು, ಬಿಡಿ’ ಎನ್ನಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಹಿಡಿದ ಬಾಗಿಲು ಮಧ್ಯಾಹ್ನ ಊಟದ ಹೊತ್ತಿಗೂ ಅವನ ಕೈಯಲ್ಲೇ ಇತ್ತು. ಹೊಸ ಕಾವಲುಗಾರ ಬಂದಿದ್ದಾನೆಂದುಕೊಂಡ ಪೋಸ್ಟ್ ಮಾಸ್ತರು, ಟೋಪಿ ಹಾಕಿಲ್ಲ ಎಂದು ಗದರಿಸಿ ಹೋದರು. ಇನ್ನೊಮ್ಮೆ ಬಟ್ಟೆ ಅಂಗಡಿಯ ಮುಂದೆ ಗುರುತಿಲ್ಲದ ತಾಯಿಯೊಬ್ಬಳು ‘ಒಂದ್ನಿಮಿಷ ಹಿಡ್ಕೊಳ್ಳಿ’ ಎಂದು ಮಗುವನ್ನು ಇವನ ಕೈಗಿಟ್ಟು ಒಳಗೆ ಹೋದಳು. ಬಟ್ಟೆ ಅಂಗಡಿಯೊಳಗಿನ ನಿಮಿಷಕ್ಕೂ ಹೊರಗಿನ ನಿಮಿಷಕ್ಕೂ ಇರುವ ಅಂತರ ಮದುವೆಯಾದ ಗಂಡಸರಿಗೆಲ್ಲ ಗೊತ್ತು. ಅವಳು ಹೊರಬರುವಷ್ಟರಲ್ಲಿ ಮಗುವಿಗೆ ಹಲ್ಲು ಬಂದಿತ್ತು ಎಂದು ಹೇಳುವವರಿದ್ದಾರೆ. ಅದು ಉತ್ಪ್ರೇಕ್ಷೆ. ವಸಡು ಸ್ವಲ್ಪ ಬೆಳ್ಳಗಾಗಿತ್ತು, ಅಷ್ಟೆ.

ಇನ್ನು ಪುರಸಭೆಗೆ ಬಂದ ಹೊಸ ಎಂಜಿನಿಯರರ ಕೈಕುಲುಕಿದ ಪ್ರಸಂಗ. ಹೊಸಬರು, ಪಾಪ, ಇವನ ಮುಂದೆ ಕೈ ಚಾಚಿದರು. ಇವನು ಹಿಡಿದ. ಎಳೆದುಕೊಳ್ಳಲು ಅವರಿಗೆ ಸಂಕೋಚ, ಬಿಡಲು ಇವನಿಗೆ ಅಪ್ಪಣೆಯಿಲ್ಲ. ಇಬ್ಬರೂ ಬಾಲ್ಯದ ಗೆಳೆಯರಂತೆ ಕೈ ಕೈ ಹಿಡಿದುಕೊಂಡೇ ಕ್ಯಾಂಟೀನಿಗೆ ಹೋಗಿ, ಎಡಗೈಯಲ್ಲಿ ಚಹಾ ಕುಡಿದು ಬಂದರು.

ಇದನ್ನು ಹುಚ್ಚು ಅನ್ನಬೇಡಿ. ಇದು ಕಸುಬು. ಗಟ್ಟಿಯಣ್ಣ ಪುರಸಭೆಯ ಬೀದಿದೀಪ ವಿಭಾಗದಲ್ಲಿ ಏಣಿ ಹಿಡಿಯುವವನು. ಹತ್ತುವವನಲ್ಲ, ಹಿಡಿಯುವವನು. ಹತ್ತುವವನು ಬೇರೆ. ಅವನು ಒಣಗಿದ ಕಡ್ಡಿಯಂಥ ಲೈನ್‌ಮನ್, ವಿಭಾಗದವರೆಲ್ಲ ‘ತಂತಿ’ ಎಂದು ಕರೆಯುವವನು. ಇಬ್ಬರೂ ಜೊತೆಯಾಗಿ ಮೂವತ್ತೊಂದು ವರ್ಷವಾಯಿತು. ಈಗ ದೊಡ್ಡ ರಸ್ತೆಗಳಿಗೆ ಬುಟ್ಟಿ ಲಾರಿ ಬಂದಿದೆ. ಗುಂಡಿ ಒತ್ತಿದರೆ ಬುಟ್ಟಿಯಲ್ಲಿ ನಿಂತವನು ರಾಜನಂತೆ ಮೇಲೇರುತ್ತಾನೆ. ಆದರೆ ಆ ಲಾರಿ ಸಂದಿಗೊಂದಿಗೆ ನುಗ್ಗಲಾರದು. ಹಾಗಾಗಿ ಊರಿನ ಸಂದಿಗಳ ಬೆಳಕೆಲ್ಲ ಇನ್ನೂ ಈ ಇಬ್ಬರ ಮತ್ತು ಇಪ್ಪತ್ತೆರಡು ಮೆಟ್ಟಿಲಿನ ಒಂದು ಮರದ ಏಣಿಯ ವಶದಲ್ಲಿದೆ.

ಏಣಿ ಹಿಡಿಯುವುದೆಂದರೆ ಬರೀ ನಿಲ್ಲುವುದಲ್ಲ. ಏಣಿಯ ಕಾಲಿಗೆ ಹಳೆಯ ಟೈರಿನ ತುಂಡು ಕಟ್ಟಿರಬೇಕು. ಎಡಗಾಲನ್ನು ಏಣಿಯ ಕಾಲಿಗೆ ಒತ್ತಿ ನಿಲ್ಲಿಸಬೇಕು. ಕೈಗಳು ಭುಜದ ಎತ್ತರಕ್ಕಿರಬೇಕು. ಮುಖ ಕೆಳಗಿರಬೇಕು, ಇಲ್ಲದಿದ್ದರೆ ಮೇಲಿನಿಂದ ಉದುರುವ ತುಕ್ಕು, ಸತ್ತ ಹುಳ, ತಂತಿಯ ಬಾಯಿಂದ ಜಾರಿದ ಸ್ಕ್ರೂ ಎಲ್ಲವೂ ನೇರ ಕಣ್ಣಿಗೆ. ತಂತಿ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ಕೇಳುತ್ತಾನೆ, “ಗಟ್ಟಿನಾ?” ಇವನು ಹೇಳುತ್ತಾನೆ, “ಗಟ್ಟಿ.” ಇವನ ಹೆಸರು ಬಂದದ್ದು ಅಲ್ಲಿಂದಲೇ. ಕೆಲಸ ಮುಗಿಸಿ, ಎರಡೂ ಕಾಲು ನೆಲಕ್ಕೂರಿ, ತಂತಿ “ಇಳಿದೆ” ಎಂದ ಮೇಲೆಯೇ ಕೈ ಸಡಿಲ. ಈ ಮೂವತ್ತೊಂದು ವರ್ಷದಲ್ಲಿ ಗಟ್ಟಿಯಣ್ಣ ತಂತಿಯ ಮುಖಕ್ಕಿಂತ ಅವನ ಪಾದ ನೋಡಿದ್ದೇ ಹೆಚ್ಚು. ಹಿಮ್ಮಡಿ ನೋಡಿ ಹೇಳಬಲ್ಲ, ಇವತ್ತು ಮನೆಯಲ್ಲಿ ಜಗಳವಾಗಿದೆಯೋ ಇಲ್ಲವೋ ಎಂದು.

“ನನ್ನ ಹೆಂಡತಿ ನನ್ನ ಕೈ ಹಿಡಿದಿದಾಳೆ, ಈ ಮಹಾರಾಯ ನನ್ನ ಏಣಿ ಹಿಡಿದಿದಾನೆ,” ಎನ್ನುತ್ತಾನೆ ತಂತಿ. “ಅವಳು ಬಿಟ್ರೆ ಊಟಕ್ಕೆ ಕಷ್ಟ. ಇವನು ಬಿಟ್ರೆ ಊಟಾನೇ ಬೇಕಾಗಿಲ್ಲ.”

ಗಟ್ಟಿಯಣ್ಣ ಮಾತ್ರ ಎರಡನೇ ಮೆಟ್ಟಿಲು ದಾಟಿದವನಲ್ಲ. ಮೂರನೆಯದಕ್ಕೆ ಕಾಲಿಟ್ಟರೆ ತಲೆ ಗಿರ್ರೆನ್ನುತ್ತದೆ. ಅವನಪ್ಪನೂ ಹಾಗೇ, ಸುಣ್ಣ ಬಳಿಯುವವರ ಏಣಿ ಹಿಡಿದೇ ಆಯುಷ್ಯ ಕಳೆದವನು. ತಾತನೂ ಹಾಗೇ. ಇದಕ್ಕೆ ಮುಕುಟವಿಟ್ಟಂತೆ ಇತ್ತು ಅವರ ಮನೆತನದ ಹೆಸರು: ಏಣಿಬುಡ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ‘ಏಣಿಬುಡ’ ಎಂದಿರುವುದನ್ನು ಕಂಡ ಹೊಸ ಗುಮಾಸ್ತರೆಲ್ಲ ಅದು ಹುದ್ದೆ ಎಂದುಕೊಳ್ಳುತ್ತಿದ್ದರು. ಒಬ್ಬರಂತೂ ಆ ಹುದ್ದೆಗೆ ಇನ್ನೊಬ್ಬರನ್ನು ನೇಮಿಸಬಹುದೇ ಎಂದು ಮೇಲಿನವರಿಗೆ ಟಿಪ್ಪಣಿಯನ್ನೂ ಕಳಿಸಿದ್ದರು.

ಈ ಹೆಸರಿಗೆ ಗಂಡಾಂತರ ಬಂದದ್ದು ಗಟ್ಟಿಯಣ್ಣನಿಗೆ ಮೊಮ್ಮಗಳು ಹುಟ್ಟಿದಾಗ.

ಹುಟ್ಟಿದ ಇಪ್ಪತ್ತೊಂದು ದಿನದೊಳಗೆ ನೋಂದಣಿ ಕಚೇರಿಯಲ್ಲಿ ಮಗುವಿನ ಹೆಸರನ್ನೂ ಮನೆತನವನ್ನೂ ಬರೆಸಬೇಕು. ಕೊನೆಯ ದಿನ ಶುಕ್ರವಾರ. ಸೋಮವಾರ ಬೆಳಿಗ್ಗೆ ಮಗ ಕನ್ನಡಿಯ ಮುಂದೆ ಟೈ ಕಟ್ಟಿಕೊಳ್ಳುತ್ತ, ಏನೋ ಮಾಮೂಲಿ ಸುದ್ದಿಯೆಂಬಂತೆ ಹೇಳಿದ, “ಅಪ್ಪಾ, ನಮ್ಮ ಮನೆತನದ ಹೆಸರು ಬದಲಾಯಿಸ್ತಾ ಇದೀನಿ. ಮಗುದೂ, ನಂದೂ.”

ಗಟ್ಟಿಯಣ್ಣನ ಕೈಯಲ್ಲಿ ಮೊಮ್ಮಗಳ ಹಾಲಿನ ಬಾಟಲಿಯಿತ್ತು. ಹಿಡಿದೇ ಇದ್ದ. “ಏನಂತ?”

“ಶಿಖರ.”

ಮಗ ನೀರಿನ ಪಂಪು ಮಾರುವ ಕಂಪನಿಯಲ್ಲಿ ಮಾರಾಟ ಪ್ರತಿನಿಧಿ. ಮಾತಿನಲ್ಲಿ ಮರಳಿನಿಂದಲೂ ನೀರು ಎತ್ತಬಲ್ಲವನು. ಏಣಿಬುಡದಿಂದ ಹೊರಟು, ಮಧ್ಯೆ ಒಂದೇ ಒಂದು ಮೆಟ್ಟಿಲೂ ಇಲ್ಲದೆ ನೇರ ಶಿಖರಕ್ಕೆ ಜಿಗಿಯುವ ಅವನ ಧೈರ್ಯಕ್ಕೆ ತಂದೆ ಮನಸ್ಸಿನಲ್ಲೇ ತಲೆದೂಗಿದ. ಆದರೆ ಎದೆಯೊಳಗೆ ಏನೋ ಜಾರಿದಂತಾಯಿತು, ಒದ್ದೆ ನೆಲದ ಮೇಲೆ ಏಣಿಯ ಕಾಲು ಜಾರಿದ ಹಾಗೆ.

“ಈ ಹೆಸರಿಗೇನಾಗಿದೆಯೋ?”

“ಏನಾಗಿದೆ ಅಂತ ಕೇಳ್ತೀಯಲ್ಲಪ್ಪ! ಮೀಟಿಂಗಲ್ಲಿ ಎದ್ದು ನಿಂತು ಏಣಿಬುಡ ಅಂತ ಹೇಳ್ಕೊಂಡ್ರೆ ಸಾಕು, ಹಿಂದಿನ ಸಾಲಿಂದ ಒಬ್ಬ ‘ಯಾವಾಗ ಮೇಲೆ ಬರ್ತೀರಿ ಸಾರ್’ ಅಂತಾನೆ. ಎಂಟು ವರ್ಷದಿಂದ ಅದೇ ಜೋಕು. ಜೋಕಾದ್ರೂ ಬದಲಾಗಲ್ಲ. ನಾಳೆ ಇವಳು ಸ್ಕೂಲಿಗೆ ಹೋದ್ರೆ ಮಕ್ಕಳು ಸುಮ್ನೆ ಬಿಡ್ತಾವಾ?”

ಸೊಸೆ ತೊಟ್ಟಿಲ ಪಕ್ಕದಿಂದ ಹೇಳಿದಳು, “ಮಾವನ್ನ ಒಂದು ಮಾತು ಕೇಳಿ ನಿರ್ಧಾರ ಮಾಡಿ ಅಂತ ನಾನು ಹೇಳಿದ್ದೆ.”

“ಕೇಳ್ತಾ ಇದೀನಲ್ಲ. ಅಪ್ಪಾ, ನೀನೇ ಹೇಳು. ಈ ಹೆಸರು ಯಾರು ಇಟ್ರು? ಯಾಕೆ ಇಟ್ರು? ಎಲ್ಲಿಂದ ಬಂತು? ಅದಕ್ಕೊಂದು ಮರ್ಯಾದೆ ಇದೆ ಅಂತ ಗೊತ್ತಾದ್ರೆ ಇಟ್ಕೊಳ್ಳೋಣ. ಇಲ್ಲಾಂದ್ರೆ ಶುಕ್ರವಾರ ಶಿಖರ.”

ಗಟ್ಟಿಯಣ್ಣನಿಗೆ ಗೊತ್ತಿರಲಿಲ್ಲ. ಐವತ್ತೊಂಬತ್ತು ವರ್ಷ ಹೊತ್ತ ಹೆಸರು ಎಲ್ಲಿಂದ ಬಂತೆಂದು ಒಂದು ದಿನವೂ ಕೇಳಿರಲಿಲ್ಲ. ಮೂಗು ಎಲ್ಲಿಂದ ಬಂತೆಂದು ಯಾರಾದರೂ ಕೇಳುತ್ತಾರೆಯೇ?

ಮೊದಲು ಅವನು ಹೋದದ್ದು ತಮ್ಮನ ಬಳಿಗೆ. ತಮ್ಮ ದರ್ಜಿ. ಬಟ್ಟೆಗಿಂತ ಕಥೆ ಹೊಲಿಯುವುದರಲ್ಲಿ ಪಳಗಿದ ಕೈ. ಹೊಲಿಗೆ ಯಂತ್ರದ ಚಕ್ರ ನಿಲ್ಲಿಸದೆಯೇ ಶುರುಮಾಡಿದ: ಒಂದು ಕಾಲದಲ್ಲಿ ಒಂದು ಕೋಟೆ. ಏಳು ತಿಂಗಳ ಮುತ್ತಿಗೆ. ಸೇನಾಪತಿಗೇ ದಿಕ್ಕು ತೋಚದಾದಾಗ ನಮ್ಮ ವಂಶದ ವೀರನೊಬ್ಬ ಬಾಯಲ್ಲಿ ಕತ್ತಿ ಕಚ್ಚಿಕೊಂಡು ಏಣಿ ಹಾಕಿ, ಸರಸರನೆ ಗೋಡೆ ಹತ್ತಿ...

ಗಟ್ಟಿಯಣ್ಣ ಅಂದು ಸಂಜೆ ಅದನ್ನು ಮಗನಿಗೆ ವರದಿ ಮಾಡಿದ. ಕತ್ತಿಯವರೆಗೆ ಬಂದಾಗ ಮಗ ಕೈಯೆತ್ತಿದ.

“ಹತ್ತಿದವನಾಗಿದ್ರೆ ಏಣಿತುದಿ ಅಂತ ಹೆಸರಿಡ್ತಿದ್ರು. ಬುಡ ಯಾಕಿಟ್ರು?”

ಗಟ್ಟಿಯಣ್ಣ ಈ ಪ್ರಶ್ನೆಯನ್ನು ಮಾರನೆಯ ದಿನ ದರ್ಜಿಯ ಬಳಿಗೆ ಒಯ್ದ. “ಮೊದಲು ಬಿದ್ದಿರ್ಬೇಕು ಬಿಡಣ್ಣ,” ಎಂದು ದಾರ ಕತ್ತರಿಸಿದ.

ಬುಧವಾರ ಊಟದ ಬಿಡುವಿನಲ್ಲಿ ಗಟ್ಟಿಯಣ್ಣ ಪುರಸಭೆಯ ನೆಲಮಾಳಿಗೆಯಲ್ಲಿರುವ ದಾಖಲೆ ಕೋಣೆಗೆ ಇಳಿದ. ಇಳಿಯುವುದು ಅವನಿಗೆ ಕಷ್ಟವಲ್ಲ. ಅಲ್ಲಿನ ಗುಮಾಸ್ತೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಧೂಳಿನ ಜೊತೆ ಇಪ್ಪತ್ತು ವರ್ಷದಿಂದ ಸಂಸಾರ ಮಾಡುತ್ತಿರುವ ಹೆಂಗಸು.

“ಎಷ್ಟು ಹಳೇದು ಬೇಕು ಗಟ್ಟಿಯಣ್ಣ?”

“ನಮ್ಮ ಹೆಸರು ಎಲ್ಲಿ ಮೊದಲು ಬರುತ್ತೋ ಅಲ್ಲಿವರೆಗೆ.”

ಅವಳು ಪುಸ್ತಕದಿಂದ ಪುಸ್ತಕಕ್ಕೆ ಹಿಂದಕ್ಕೆ ಹೋದಳು. ಅಪ್ಪ ಸಿಕ್ಕ, ತಾತ ಸಿಕ್ಕ. ಕೊನೆಗೆ ಅಟ್ಟದಿಂದ ಒಂದು ದಪ್ಪ ಪುಸ್ತಕ ಇಳಿಸಿದಳು. ಹೊರಗಿನಿಂದ ಬಂದು ಊರಲ್ಲಿ ನೆಲೆನಿಂತವರ ಪಟ್ಟಿ. ಬೆನ್ನು ಮುರಿದ ಪುಸ್ತಕ, ತೆರೆದರೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. “ಇದನ್ನ ಹೀಗೆ ಹಿಡ್ಕೊಳ್ಳಿ,” ಎಂದಳು. ಇಂಥ ಕೆಲಸಕ್ಕೆ ಇವನಿಗಿಂತ ಯೋಗ್ಯ ಮನುಷ್ಯ ಭೂಮಂಡಲದಲ್ಲೇ ಸಿಗುತ್ತಿರಲಿಲ್ಲ.

ಮುತ್ತಾತ ಅಲ್ಲಿದ್ದ. ಅವನ ಹೆಸರನ್ನು ಹುಳ ತಿಂದಿತ್ತು. ಉಳಿದ ಸಾಲುಗಳನ್ನು ಗುಮಾಸ್ತೆ ಬೆರಳಿಟ್ಟು ಓದಿದಳು.

“ಬಂದ ಊರು: ಕಲ್ಲುಗಣಿಯ ಕಡೆ. ಹೋಗುವ ಊರು: ಕಡಲಾಚೆ. ಕಾಗದಪತ್ರ: ಹಡಗಿನಲ್ಲಿ ಹೋಗಿವೆ.” ಅವಳು ತಲೆಯೆತ್ತಿದಳು. “ಕಾಗದ ಹೋಗಿದೆ, ಮನುಷ್ಯ ಹೋಗಿಲ್ಲ. ಇದೇನಿದು? ಸದ್ಯದ ವಾಸ: ಏಣಿಬುಡ. ಮನೆತನ: ಅದೇ.”

“ಅದೇ ಅಂದ್ರೆ?”

“ಅದೇ ಅಂದ್ರೆ ಮೇಲೆ ಬರೆದದ್ದೇ. ಬರೆಯೋನಿಗೆ ಊಟದ ಹೊತ್ತಾಗಿತ್ತು ಅನ್ಸುತ್ತೆ. ಜಾಮೀನು ಕೊಟ್ಟವನು ಗಾರೆ ಮೇಸ್ತ್ರಿ. ನೋಡಿ, ಹೆಬ್ಬೆಟ್ಟು.”

ಶಾಯಿಯ ಗುರುತಲ್ಲ, ಗಾರೆಯದು. ಒಣಗಿ, ಕಾಗದಕ್ಕೇ ಕಚ್ಚಿಕೊಂಡು, ಅಷ್ಟು ವರ್ಷದ ಮೇಲೂ ಬೆರಳಿನ ಗೆರೆಗಳು ಎದ್ದು ಕಾಣುತ್ತಿದ್ದವು. ಗಟ್ಟಿಯಣ್ಣ ಬಹಳ ಹೊತ್ತು ಅದನ್ನೇ ನೋಡಿದ. ಗುಮಾಸ್ತೆ ತನ್ನ ಊಟ ಮುಗಿಸಿ ಕೈ ತೊಳೆದು ಬಂದಾಗಲೂ ಪುಸ್ತಕ ಹಿಡಿದೇ ನಿಂತಿದ್ದ. “ಅಯ್ಯೋ ಬಿಡಿ ಗಟ್ಟಿಯಣ್ಣ, ಮರೆತೇಬಿಟ್ಟೆ!” ಎಂದ ಮೇಲೆ ಬಿಟ್ಟ.

ಉಳಿದದ್ದು ಒಂದೇ ಬಾಗಿಲು: ಸೋದರತ್ತೆ. ಅಪ್ಪನ ಅಕ್ಕ. ತೊಂಬತ್ತೊಂದು ವರ್ಷ. ಬಿಸ್ಕತ್ತು ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಮೊಮ್ಮಗಳ ಜೊತೆ ಇದ್ದಾಳೆ. ಬೆಳಿಗ್ಗೆ ಏನು ತಿಂದೆನೆಂಬುದು ಅವಳಿಗೆ ನೆನಪಿರುವುದಿಲ್ಲ. ಆದರೆ ಎಂಬತ್ತು ವರ್ಷದ ಹಿಂದೆ ಅವಳ ಬಳಪ ಕದ್ದವಳ ಹೆಸರು, ವಿಳಾಸ, ಆ ಬಳಪದ ಉದ್ದ ಎಲ್ಲವೂ ನೆನಪಿದೆ. ಗುರುವಾರ ಬೆಳಿಗ್ಗೆ ಗಟ್ಟಿಯಣ್ಣ ಅರ್ಧ ದಿನ ರಜೆ ಹಾಕಿ ಹೋದ. ಅಪ್ಪ ತೀರಿಕೊಂಡ ಮೇಲೆ ಹಾಕಿದ ಮೊದಲ ರಜೆ.

“ಯಾರದು?” ಎಂದಳು ಅತ್ತೆ ಹಾಸಿಗೆಯಿಂದ.

“ನಾನತ್ತೆ.”

“ನಾನು ಅಂದ್ರೆ ಯಾರೋ? ಬಾ, ಕೈ ಕೊಡು.” ಕೈ ಹಿಡಿದಳು. ಹಿಡಿದದ್ದೇ ಗೊತ್ತಾಯಿತು. “ಓ, ನಮ್ಮೋನೇ. ಬಿಡೋ, ಬೆರಳು ನೋಯುತ್ತೆ. ಹೋದ ವರ್ಷ ಬರ್ತೀನಿ ಅಂದೋನು ಈಗ ಬಂದಿಯಾ?”

ಇವನು ಮಗುವಿನ ವಿಷಯ ಹೇಳಿದ, ಶಿಖರದ ವಿಷಯ ಹೇಳಿದ. ಅತ್ತೆ ಬೊಚ್ಚುಬಾಯಿ ಬಿಟ್ಟು ನಕ್ಕಳು.

“ಶಿಖರಾನಾ? ನಮ್ಮ ಮನೆಯೋರಿಗಾ? ಮಂಚದ ಮೇಲೆ ನಿಂತ್ರೆ ತಲೆ ತಿರುಗೋ ಜನ ಕಣೋ ನಾವು!”

ಆಮೇಲೆ ದಿಂಬಿಗೆ ಒರಗಿಕೊಂಡು ಹೇಳತೊಡಗಿದಳು.

ಅವಳ ತಾತ, ಎಂದರೆ ಗಟ್ಟಿಯಣ್ಣನ ಮುತ್ತಾತ, ಕಲ್ಲುಗಣಿಯ ಊರಿನ ಹುಡುಗ. ಗಣಿ ಮುಚ್ಚಿತು. ಕಡಲಾಚೆ ದೊಡ್ಡಪ್ಪನ ಮಗನೊಬ್ಬ ಕೆಲಸದಲ್ಲಿದ್ದ, ಬಾ ಎಂದು ಬರೆದಿದ್ದ. ಹನ್ನೊಂದು ದಿನ ನಡೆದು, ಸಿಕ್ಕ ಗಾಡಿ ಹತ್ತಿ ಈ ಬಂದರಿಗೆ ಬಂದ. ಟ್ರಂಕನ್ನು ಹಡಗಿಗೆ ಹಾಕಿಸಿದ. ಬಟ್ಟೆ, ಕಾಗದಪತ್ರ, ಹಳೆಯ ಮನೆತನದ ಗುರುತು ಎಲ್ಲ ಅದರೊಳಗೆ. ಹಡಗು ಹೊರಡಲು ಇನ್ನೂ ಒಂದು ತಾಸಿತ್ತು. ಕಾಲಾಡಿಸೋಣವೆಂದು ಬಂದರು ಕಚೇರಿಯ ಮುಂದೆ ಬಂದ. ಅಲ್ಲಿ ಗೋಡೆಯ ನೆತ್ತಿಯಲ್ಲಿ ಹೂವಿನ ಪಟ್ಟಿಗೆ ಗಾರೆ ಮೆತ್ತಬೇಕಾಗಿದ್ದ ಮೇಸ್ತ್ರಿ, ಏಣಿ ಹಾಕಿಕೊಂಡು, ಕೈಯಾಳು ಬಾರದೆ ಪರದಾಡುತ್ತಿದ್ದ. ನೆಲವೆಲ್ಲ ಒದ್ದೆ ಕಲ್ಲು. ಕಡಲ ಗಾಳಿ ಬೇರೆ.

“‘ಅಪ್ಪಾ ಪುಣ್ಯಾತ್ಮ, ಒಂದು ಗಳಿಗೆ ಹಿಡ್ಕೋ’ ಅಂದನಂತೆ. ನಮ್ಮ ತಾತ ಹಿಡ್ಕೊಂಡ.”

“ಆಮೇಲೆ?”

“ಆಮೇಲೆ ಏನು? ಹಡಗು ಒಂದು ಸಲ ಕೂಗ್ತು. ಮೇಸ್ತ್ರಿ ಮೆತ್ತುತಾ ಇದ್ದ. ಎರಡನೇ ಸಲ ಕೂಗ್ತು. ಮೇಸ್ತ್ರಿ ಮೆತ್ತುತಾನೇ ಇದ್ದ, ಕೆಲಸದಲ್ಲಿ ಮುಳುಗಿಹೋಗಿದ್ದ. ತಾತ ಹಡಗು ನೋಡಿದ, ಮೇಲೆ ನೋಡಿದ, ಮತ್ತೆ ಹಡಗು ನೋಡಿದ. ಕೈ ಬಿಟ್ರೆ ಏಣಿ ಜಾರುತ್ತೆ, ಏಣಿ ಜಾರಿದ್ರೆ ಒಂದು ಜೀವ ಹೋಗುತ್ತೆ. ಬಿಡದಿದ್ರೆ ಹಡಗು ಹೋಗುತ್ತೆ. ಮೂರನೇ ಸಲ ಕೂಗ್ತು. ಹೋಯ್ತು.”

“ಟ್ರಂಕು?”

“ಅದು ಹೋಯ್ತಲ್ಲೋ ಹಡಗಿನ ಜೊತೆ! ನಮ್ಮ ಮನೆಯಿಂದ ಕಡಲಾಚೆ ಹೋದೋರಲ್ಲಿ ಅದೇ ಮೊದಲನೇದು. ಮೇಸ್ತ್ರಿ ಕೆಳಗಿಳಿದು ನೋಡ್ತಾನೆ, ಈ ಹುಡುಗ ಏಣಿ ಹಿಡ್ಕೊಂಡೇ ಅಳ್ತಾ ಇದಾನೆ. ‘ಯಾಕೋ?’ ಅಂದ. ಸಂಗತಿ ಕೇಳಿ ಏಣಿ ಬುಡದಲ್ಲೇ ಕೂತ್ಕೊಂಡು ಅವನೂ ಅತ್ತನಂತೆ. ಆಮೇಲೆ ಮನೆಗೆ ಕರ್ಕೊಂಡು ಹೋಗಿ, ತನ್ನ ತಟ್ಟೆಯಲ್ಲೇ ಊಟಕ್ಕೆ ಹಾಕಿ, ತನ್ನ ಕೋಣೆಯಲ್ಲೇ ಮಲಗಿಸಿದ.”

ಮಾರನೆಯ ದಿನ ಇಬ್ಬರೂ ಕಚೇರಿಗೆ ಹೋದರು. ಹುಡುಗ ತನ್ನ ಹಳೆಯ ಮನೆತನ ಹೇಳಿದ. ಕಾಗದವಿಲ್ಲದೆ ಬರೆಯಲಾಗದು ಎಂದರು. ಎಲ್ಲಿರುತ್ತಾನೆ ಎಂದು ಕೇಳಿದಾಗ ಮೇಸ್ತ್ರಿ ಮೇಜು ಗುದ್ದಿ ಹೇಳಿದನಂತೆ, “ನನ್ನ ಏಣಿ ಬುಡದಲ್ಲಿರ್ತಾನೆ, ಬರ್ಕೊಳ್ಳಿ. ಜಾಮೀನು ನಾನು.” ಬರೆಯುವವನು ಬರೆದುಕೊಂಡ. ಎರಡು ವರ್ಷದ ಮೇಲೆ ಮೇಸ್ತ್ರಿ ತನ್ನ ತಂಗಿಯನ್ನೇ ಆ ಏಣಿಬುಡಕ್ಕೆ ಕೊಟ್ಟು ಮದುವೆ ಮಾಡಿದ.

“ನಮ್ಮಜ್ಜಿ ಹೇಳೋಳು, ‘ಎಲ್ಲರಿಗೂ ಗಂಡನ್ನ ಊರೂರು ಸುತ್ತಿ ಹುಡುಕ್ತಾರೆ. ನಮ್ಮಣ್ಣ ಗೋಡೆಗೆ ಗಾರೆ ಮೆತ್ತೋಕೆ ಹೋಗಿ ನನಗೆ ಗಂಡ ತಂದ’ ಅಂತ.”

ಅಲ್ಲಿಂದ ಏಣಿಬುಡದವರ ದಿಗ್ವಿಜಯ ಶುರುವಾಯಿತು. ಅವರಿಗೆ ಮೂವರು ಗಂಡುಮಕ್ಕಳು. ಹಿರಿಯ ಇಲ್ಲೇ ಉಳಿದ, ಗಟ್ಟಿಯಣ್ಣನ ತಾತ. ನಡುವಿನವನಿಗೆ ಒಬ್ಬ ಡಾಕ್ಟರು, ರೋಗಿಯ ಮನೆಯ ಮುಂದೆ ಕುದುರೆಯ ಲಗಾಮು ಕೊಟ್ಟು ಒಳಗೆ ಹೋದರು. ಹೆರಿಗೆ ಕಷ್ಟದ್ದಾಯಿತು. ಮಾರನೆಯ ಬೆಳಿಗ್ಗೆ ಡಾಕ್ಟರು ಹೊರಬಂದರೆ ಹುಡುಗನೂ ಇದ್ದಾನೆ, ಕುದುರೆಯೂ ಇದೆ. ಇಂಥವನು ಇನ್ನೆಲ್ಲಿ ಸಿಗುತ್ತಾನೆಂದು ಗುಡ್ಡದ ಮೇಲಿನ ತಮ್ಮ ಊರಿಗೆ ಕರೆದೊಯ್ದರು. ಅಲ್ಲಿನ ಏಣಿಬುಡದವರು ಈಗ ಟ್ಯಾಕ್ಸಿ ಓಡಿಸುತ್ತಾರೆ. ಕಿರಿಯವನದ್ದು ಎಲ್ಲಕ್ಕಿಂತ ದೊಡ್ಡ ಸಾಹಸ. ದೋಣಿ ನಿಲ್ಲುವ ದಕ್ಕೆಯಲ್ಲಿ ಯಾರೋ “ಈ ಹಗ್ಗ ಹಿಡ್ಕೋ” ಎಂದರು. ಹಿಡಿದ. ದೋಣಿ ಹೊರಟಿತು. ಬಿಡು ಎನ್ನಲು ಮರೆತರು.

“ಬಿಡಲಿಲ್ಲವಾ?”

“ಬಿಡ್ತಾನಾ? ಹಗ್ಗದ ಜೊತೆ ನೀರಿಗೆ ಬಿದ್ದ, ಎಳ್ಕೊಂಡ್ರು, ಆ ದಡ ಸೇರಿದ. ಈಗಲ್ಲಿ ಏಣಿಬುಡದೋರು ಅರುವತ್ತು ಜನ ಇದಾರೆ. ಅಪ್ಪನಿಗೆ ಹಿಡ್ಕೊಂಡದ್ದಕ್ಕೆ ಕಡಲು ತಪ್ಪಿತು. ಮಗ ಹಿಡ್ಕೊಂಡದ್ದಕ್ಕೇ ಕಡಲು ದಾಟಿದ.” ಅತ್ತೆ ಸುಸ್ತಾಗಿ ಕಣ್ಣು ಮುಚ್ಚಿದಳು. ಇನ್ನೂ ಒಂದೆರಡು ಮಾತು ಹೇಳಿ, ಬಿಸ್ಕತ್ತು ಕೇಳಿ, ತಿಂದು, ತಿಂದದ್ದನ್ನು ಮರೆತು ಮತ್ತೊಂದು ಕೇಳಿದಳು.

ಗಟ್ಟಿಯಣ್ಣ ಅಲ್ಲಿಂದ ನೇರ ಬಂದರು ಕಚೇರಿಗೆ ನಡೆದ. ಆ ಕಟ್ಟಡದ ಎದುರಿನ ಕಂಬದ ದೀಪವನ್ನು ತಂತಿ ನೂರು ಸಲ ಬದಲಾಯಿಸಿದ್ದ. ಇವನು ನೂರು ಸಲ ಏಣಿ ಹಿಡಿದಿದ್ದ. ಆದರೆ ಹಿಡಿಯುವವನು ತಲೆಯೆತ್ತಬಾರದಲ್ಲ, ಆ ಗೋಡೆಯ ನೆತ್ತಿಯನ್ನು ಒಂದು ಸಲವೂ ನೋಡಿರಲಿಲ್ಲ. ಈಗ ನೋಡಿದ. ಕಿಟಕಿಗಳ ಮೇಲೆ ಉದ್ದಕ್ಕೂ ಗಾರೆಯ ಹೂಗಳು. ಅಂಚು ಸವೆದಿತ್ತು, ಒಂದೆರಡರ ಎಸಳು ಉದುರಿತ್ತು, ಉಳಿದವು ಹಾಗೇ ಇದ್ದವು. ಆ ಹೂಗಳಲ್ಲಿ ಯಾವುದೋ ಒಂದನ್ನು ಮೆತ್ತುವಾಗ ಹಡಗು ಹೋಗಿತ್ತು. ಆ ಒಂದು ಹೂವಿನಿಂದ ತಾತ ಬಂದ, ಅಪ್ಪ ಬಂದ, ತಾನು ಬಂದ, ಈಗ ಆ ಇಪ್ಪತ್ತು ದಿನದ ಕೂಸು ಬಂದಿದೆ. ಗಟ್ಟಿಯಣ್ಣ ಹೋಗಿ ಗೋಡೆಯ ಮೇಲೆ ಅಂಗೈಯಿಟ್ಟ. “ದೊಡ್ಡ ಉಪಕಾರ ಆಯ್ತಪ್ಪ,” ಎಂದ. ಮೇಸ್ತ್ರಿಗೆ ಹೇಳಿದನೋ, ಮುತ್ತಾತನಿಗೋ, ಹಡಗಿನ ಕಪ್ತಾನನಿಗೋ, ಅವನಿಗೇ ಸ್ಪಷ್ಟವಿರಲಿಲ್ಲ. ಮೂವರಿಗೂ ಸಲ್ಲಬೇಕಾದದ್ದೇ.

ಮಧ್ಯಾಹ್ನದ ಪಾಳಿಗೆ ಏಣಿ ಹೊತ್ತು ಬಂದ ತಂತಿ ಇವನನ್ನು ಕಂಡು ನಿಂತ. “ಇದೇನಣ್ಣ, ಗೋಡೆ ಹಿಡ್ಕೊಂಡಿದೀಯ? ಬಿಡು ಅಂತ ಹೇಳೋಕೆ ಗೋಡೆಗೆ ಬಾಯಿಲ್ಲ, ನಾಳೆವರೆಗೂ ನಿಲ್ತೀಯ. ಬಿಡು ಮಾರಾಯ.”

ಅಂದು ಸಂಜೆ ಮನೆಯಲ್ಲಿ ಸಭೆ. ತೊಟ್ಟಿಲು ನಡುವೆ, ಸುತ್ತ ಮೂವರು. ಗಟ್ಟಿಯಣ್ಣನಿಗೆ ಕಥೆ ಹೇಳಲು ಬರುವುದಿಲ್ಲ. ಅರ್ಜಿ ಓದುವವನಂತೆ ಒಂದೊಂದೇ ವಾಕ್ಯ ಒಪ್ಪಿಸಿದ. ಏಣಿ ಹಿಡಿದರು. ಹಡಗು ಹೋಯಿತು. ಮೇಸ್ತ್ರಿ ಮನೆಗೆ ಕರೆದೊಯ್ದ. ಕಚೇರಿಯಲ್ಲಿ ಬರೆಸಿದ. ತಂಗಿಯನ್ನು ಕೊಟ್ಟ. “ಇಷ್ಟೇ. ಕೋಟೆ ಗೀಟೆ ಏನಿಲ್ಲ. ನಾಳೆ ಏನು ಬರೆಸಬೇಕೋ ನೀನೇ ನೋಡು.”

ಮಗ ಟೈ ಸಡಿಲಿಸಿಕೊಂಡ. “ಅಲ್ಲಪ್ಪ, ಗುರುತಿಲ್ಲದವನಿಗೋಸ್ಕರ ಹಡಗು ಬಿಟ್ರಾ? ಇದನ್ನ ಮರ್ಯಾದೆ ಅಂತೀಯಾ, ದಡ್ಡತನ ಅಂತೀಯಾ?”

“ಆ ದಡ್ಡತನ ಇಲ್ದಿದ್ರೆ ನೀವೆಲ್ಲಿರ್ತಿದ್ರಿ?” ಎಂದಳು ಸೊಸೆ. “ನಾನಂತೂ ಬೇರೆ ಯಾರದೋ ಮನೇಲಿ ಸುಖವಾಗಿರ್ತಿದ್ದೆ.”

“ನೀನು ಸುಮ್ನಿರು. ನಿನಗೆ ಈ ಮನೆಯೋರ ಕಾಟ ಏನು ಗೊತ್ತು? ಇವರು ನನಗೆ ಸೈಕಲ್ಲು ಕಲಿಸಿದ್ದು ಹೇಳ್ತೀನಿ ಕೇಳು. ಎಲ್ಲ ಅಪ್ಪಂದಿರೂ ಸೀಟು ಹಿಡ್ಕೊಂಡು ಓಡ್ತಾರೆ, ಗೊತ್ತಾಗದ ಹಾಗೆ ಬಿಡ್ತಾರೆ. ಇವರು ಬಿಡಲೇ ಇಲ್ಲ! ಮೂರು ತಿಂಗಳು! ಬೀದಿಯಲ್ಲೆಲ್ಲ ಅಪ್ಪನ್ನ ಬಾಲದ ಹಾಗೆ ಅಂಟಿಸ್ಕೊಂಡು ಸೈಕಲ್ಲು ಹೊಡೆದೋನು ನಾನೊಬ್ಬನೇ.”

“ಬಿಡು ಅಂತ ನೀನು ಹೇಳ್ಲಿಲ್ಲವಲ್ಲೋ,” ಎಂದ ಗಟ್ಟಿಯಣ್ಣ ಪ್ರಾಮಾಣಿಕವಾಗಿ.

“ಎಷ್ಟು ಸಲ ಬಿದ್ರಿ?” ಎಂದು ಕೇಳಿದಳು ಸೊಸೆ.

“ಯಾವಾಗ?”

“ಸೈಕಲ್ಲು ಕಲಿಯುವಾಗ.”

ಮಗ ಬಾಯಿ ತೆರೆದ. ಲೆಕ್ಕ ಹಾಕಿದ. “ಒಂದು ಸಲವೂ ಇಲ್ಲ,” ಎಂದ. ಮೊಣಕಾಲಿನ ಮೇಲೆ ಒಂದು ಕಲೆಯೂ ಇಲ್ಲದೆ ಬೆಳೆದ ಹುಡುಗ ಆ ಬೀದಿಯಲ್ಲಿ ಅವನೊಬ್ಬನೇ. ಎದ್ದು ಹೋಗಿ ಟ್ಯಾಪಿನಲ್ಲಿ ಬಹಳ ಹೊತ್ತು ಮುಖ ತೊಳೆದುಕೊಂಡ.

ಶುಕ್ರವಾರ ನೋಂದಣಿ ಕಚೇರಿಯಲ್ಲಿ ಉದ್ದನೆಯ ಸಾಲು. ಸೊಸೆಗೆ ಕುರ್ಚಿ ಸಿಕ್ಕಿತು, ಮಗು ತಾತನ ಕೈಯಲ್ಲಿತ್ತು. ಮಗ ಗೋಡೆಗೆ ಒರಗಿ ಅರ್ಜಿ ತುಂಬಿಸಿದ, ಪರೀಕ್ಷೆಯ ಹುಡುಗರಂತೆ ಎಡಗೈ ಅಡ್ಡ ಹಿಡಿದು. ಏನು ಬರೆದನೆಂದು ಗಟ್ಟಿಯಣ್ಣ ಕೇಳಲಿಲ್ಲ. ಮೊಮ್ಮಗಳು ಅವನ ಕಿರುಬೆರಳನ್ನು ಹಿಡಿದುಕೊಂಡಿದ್ದಳು. ಮೆಲ್ಲಗೆ ಬಿಡಿಸಿಕೊಳ್ಳಲು ನೋಡಿದ, ಆಗಲಿಲ್ಲ. ಆ ಪುಟ್ಟ ಮುಷ್ಟಿಯನ್ನು ಕಂಡು ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಶಿಖರವೇ ಆದರೂ ಪರವಾಗಿಲ್ಲ, ಒಳಗಿನ ಸರಕು ನಮ್ಮದೇ ಎಂದುಕೊಂಡ. ಆದರೂ ಗುಮಾಸ್ತ ಅರ್ಜಿಯನ್ನು ಕೈಗೆತ್ತಿಕೊಂಡಾಗ ಗಟ್ಟಿಯಣ್ಣ ಒಂದು ಹೆಜ್ಜೆ ಮುಂದೆ ಬಂದ.

ಗುಮಾಸ್ತ ಕನ್ನಡಕ ಮೇಲೇರಿಸಿ ಗಟ್ಟಿಯಾಗಿ ಓದಿದ. “ಮನೆತನ... ಏಣಿಬುಡ. ಏಣಿಬುಡ? ಇದೆಂಥ ಹೆಸರ್ರೀ?”

ಸರಿ, ಮಗ ಟೈ ಸರಿಮಾಡಿಕೊಂಡ. ಪಂಪು ಮಾರುವ ಆ ಕಂಠ ತೆರೆದುಕೊಂಡಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಲ್ಲುಗಣಿಯ ನಾಡಿನಿಂದ ಹನ್ನೊಂದು ಹಗಲು ನಡೆದು ಬಂದ ತರುಣ! ಕಣ್ಣೆದುರಿಗೆ ಹಡಗು, ಹಡಗಿನಲ್ಲಿ ಅವನ ಸರ್ವಸ್ವ, ಕಡಲಾಚೆ ಭಾಗ್ಯ! ಮೇಲೆ ಗುರುತು ಪರಿಚಯವಿಲ್ಲದ ಒಂದು ಬಡಜೀವ! ಹಡಗು ಮೂರು ಸಲ ಕರೆಯಿತು, ಸಾರ್, ಮೂರು ಸಲ! ಆ ಮಹಾನುಭಾವ ತುಟಿ ಪಿಟಕ್ಕೆನ್ನಲಿಲ್ಲ. ಮುಗುಳ್ನಗುತ್ತ ಹಡಗಿಗೆ ವಿದಾಯ ಹೇಳಿದ. ಪರರ ಪ್ರಾಣಕ್ಕಾಗಿ ತನ್ನ ಹೆಸರನ್ನೇ ಕಡಲಿಗೆ ಅರ್ಪಿಸಿದ. ಅಂಥ ತ್ಯಾಗಕ್ಕೆ ಊರು ಕೊಟ್ಟ ಬಿರುದು, ಸಾರ್, ಏಣಿಬುಡ!

ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುಮಾಸ್ತನೇ ಭಾವುಕನಾಗಿ, ಮುದ್ರೆ ಒತ್ತಿ, ಎದ್ದು ನಿಂತು, ಮಗುವನ್ನೆತ್ತಿಕೊಂಡಿದ್ದ ಮುದುಕನ ಕಡೆ ತಿರುಗಿದ. “ಯಜಮಾನ್ರೇ, ನಿಮ್ಮ ಮುತ್ತಾತ ಸಾಮಾನ್ಯರಲ್ಲ. ಹಡಗು ಮೂರು ಸಲ ಕೂಗಿದರೂ ಒಂದು ಮಾತಾಡದೆ ಹಾಗೇ ನಿಂತರಲ್ಲ!”

“ಇಲ್ಲ ಸಾರ್,” ಎಂದ ಗಟ್ಟಿಯಣ್ಣ. “ಇಳಿಯಪ್ಪಾ ಇಳಿಯಪ್ಪಾ ಅಂತ ಬಾಯಿ ಬಡ್ಕೊಂಡ್ರಂತೆ. ಮೇಸ್ತ್ರಿಗೆ ಕಿವಿ ಮಂದ.”